ಕಡ ತಂದ ಹೂವಿನ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸಾಲ, ಬಡ್ಡಿ, ಷೇರು, ಗೊಬ್ಬರದ ವಿಚಾರ ಮಾತಾಡುವವರು ಬಹಳ ಜನ ಇದ್ದಾರೆ. ನಮಗೆ ಮಾತ್ರ ಕಾರ್ಯದರ್ಶಿಗಳು "ನಿಮ್ಮ ಅಂಗಳದ ಹೂವಿನ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ಕೇಳಿ ನಮಗೇ ನಗು ಬಂತು. ನಾವು ಗಂಡ ಹೆಂಡತಿ ಇಬ್ಬರೂ ರಾಗಿ, ಹುರುಳಿ, ಅವರೆ ಬೆಳೆದು ಗೊತ್ತೇ ಹೊರತು ಹೂವಿನ ಗಿಡದ ತಂಟೆಗೆ ಹೋದವರಲ್ಲ. ನಮ್ಮ ಮನೆಯಲ್ಲಿ ಹೂವು ಅಂದರೆ ಅದು ಅವ್ವನ ಖಾತೆ.

ಎರಡು ವರ್ಷದ ಹಿಂದೆ, ಚಳಿಗಾಲದ ಶುರುವಿನಲ್ಲಿ, ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ಪಡಸಾಲೆಯ ಕಿಟಕಿ ಪಕ್ಕದ ಮಂಚವೇ ಅವರ ಜಾಗವಾಯಿತು. ಆ ಕಿಟಕಿಯಿಂದ ನೇರವಾಗಿ ಕಾಣುವುದು ಅವರೇ ನೆಟ್ಟ ದುಂಡುಮಲ್ಲಿಗೆ ಗಿಡ. ಬಂದ ದಿನವೇ ಕೇಳಿದರು, "ಗಿಡಕ್ಕೆ ನೀರು ಹಾಕಿದ್ರೇನ್ರಪ್ಪಾ?" ಅಲ್ಲಿಂದ ಶುರುವಾಯಿತು ನಮ್ಮ ತೋಟಗಾರಿಕೆ.

ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಕಥೆ. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು. ಅದೂ ಸಾಲದು ಅಂತ ಹೊಲಕ್ಕೆ ಹಾಕಿ ಮಿಕ್ಕಿದ್ದ ಯೂರಿಯಾವನ್ನು ಮುಷ್ಟಿ ಮುಷ್ಟಿ ಬುಡಕ್ಕೆ ಸುರಿದೆವು. ಗಿಡ ಬೇಲಿ ಹಾಗೆ ಬೆಳೆಯಿತು. ಎಲೆಯೋ ಎಲೆ! ಯುಗಾದಿ ಬಂತು, ಹೋಯಿತು. ಹೂವು ಮಾತ್ರ ಬೆರಳಲ್ಲಿ ಎಣಿಸುವಷ್ಟು. ಅವ್ವ ಕಿಟಕಿಯಿಂದ ನೋಡಿ, "ಯಾಕೋ ಈ ಸಲ ಗಿಡ ಮುನಿಸಿಕೊಂಡಿದೆ" ಅಂದರು. ಯೂರಿಯಾ ವಿಚಾರ ನಾವು ಬಾಯಿ ಬಿಡಲಿಲ್ಲ.

ಮುಂದಿನ ಚಳಿಗಾಲದಲ್ಲಿ ಪಕ್ಕದ ಮನೆ ಅಜ್ಜಿ ಗಿಡ ನೋಡಿ ತಲೆ ಚಚ್ಚಿಕೊಂಡರು. "ತಿನ್ನಿಸಿ ತಿನ್ನಿಸಿ ಸೋಮಾರಿ ಮಾಡಿದ್ದೀರಿ. ನೀರು ನಿಲ್ಲಿಸಿ. ಒಂದಿಷ್ಟು ದಿನ ಒಣಗಲಿ. ಆಮೇಲೆ ಮಂಡಿಯೆತ್ತರಕ್ಕೆ ಕತ್ತರಿಸಿ" ಅಂದರು. ನಮಗೆ ಕೈ ನಡುಗಿತು. ಗಿಡ ಸತ್ತರೆ ಅವ್ವನಿಗೆ ಏನು ಹೇಳುವುದು? ಕೊನೆಗೆ ಜನವರಿಯಲ್ಲಿ ಒಂದು ದಿನ, ಅವ್ವ ಮಲಗಿದ್ದಾಗ, ಕಳ್ಳರ ಹಾಗೆ ಹೋಗಿ ಕತ್ತರಿಸಿದೆವು. ಎದ್ದು ನೋಡಿದರೆ ಕಿಟಕಿಯಲ್ಲಿ ಬರೀ ಕಡ್ಡಿಗಳು. ನಾವು ಬಾಗಿಲಲ್ಲಿ ನಿಂತಿದ್ದೆವು. ಅವ್ವ ಸ್ವಲ್ಪ ಹೊತ್ತು ನೋಡಿ ಹೇಳಿದರು, "ಈಗ ಬುದ್ಧಿ ಬಂತಾ? ಹೋದ ವರ್ಷವೇ ಮಾಡಬೇಕಿತ್ತು. ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ?"

ಬಂಧುಗಳೇ, ಆ ಮಾತು ನಮಗೆ ನಾಟಿತು. ಮಾತ್ರೆ ಕೊಟ್ಟೆವು, ಗಂಜಿ ಕೊಟ್ಟೆವು, ಹೊದಿಕೆ ಹೊದಿಸಿದೆವು. ಮಲಗಿರುವವರಿಗೂ ಗೊತ್ತಿರುವುದು ಇದೆ, ಅವರನ್ನು ಕೇಳಬೇಕು ಅಂತ ಒಂದು ವರ್ಷ ನಮಗೆ ಹೊಳೆಯಲೇ ಇಲ್ಲ. ಅಂದಿನಿಂದ ದಿನಾ ಕೇಳತೊಡಗಿದೆವು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಳೇ ಕಡ್ಡಿಯಲ್ಲಲ್ಲ. ಅದಕ್ಕೇ ಕತ್ತರಿಸುವುದು ಅಂತ ತಿಳಿಯಿತು. ಸೇವಂತಿಗೆ ಚಳಿಗಾಲದ ಹೂವು; ಬೇಸಿಗೆಯಲ್ಲಿ ಹೂ ಬಿಡಲಿಲ್ಲ ಅಂತ ನಾವು ಕಿತ್ತೆಸೆಯಲು ಹೊರಟಿದ್ದೆವು, ಅದೂ ನಿಂತಿತು. ಮಂಚದ ಮೇಲಿಂದಲೇ ಅವ್ವ ಅಂಗಳ ಆಳತೊಡಗಿದರು. "ಮೂಲೆಮನೆಯಿಂದ ಕೆಂಪು ದಾಸವಾಳದ ಕಡ್ಡಿ ತನ್ನಿ, ಡೈರಿ ಹತ್ತಿರದವರ ಮನೆಯಲ್ಲಿ ಕನಕಾಂಬರದ ಸಸಿ ಇದೆ, ಕೇಳಿ, ಇಲ್ಲ ಅನ್ನೋದಿಲ್ಲ" ಅನ್ನುವರು. ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಕಡ ತರುವ ಹಾಗೆ ಊರೆಲ್ಲ ತಿರುಗಿ ತಂದೆವು. ಯಾರೂ ಇಲ್ಲ ಅನ್ನಲಿಲ್ಲ.

ಈ ಚೈತ್ರದಲ್ಲಿ ನಮ್ಮ ಅಂಗಳ ನೀವು ನೋಡಬೇಕಿತ್ತು. ದಾಸವಾಳ ಕೆಂಪಗೆ, ಕನಕಾಂಬರ ಬೆಂಕಿಕಿಡಿ ಹಾಗೆ. ಬೇಲಿ ಬದಿಯ ಹೊಂಗೆ ಹೊಸ ಎಲೆ ಹೊತ್ತು, ನೆಲದ ಮೇಲೆ ಅರಳು ಚೆಲ್ಲಿದ ಹಾಗೆ ಹೂ ಉದುರಿಸಿತ್ತು. ಇಷ್ಟು ವರ್ಷ ಅದನ್ನು ಕಸ ಅಂತ ಗುಡಿಸುತ್ತಿದ್ದೆವು. ಅವ್ವ ಹೇಳಿದ ಮೇಲೆ ಒಟ್ಟು ಮಾಡಿ ಗಿಡದ ಬುಡಕ್ಕೇ ಹಾಕಿದೆವು, ಒಳ್ಳೇ ಗೊಬ್ಬರ. ಇನ್ನು ಮಲ್ಲಿಗೆ! ಕಡ್ಡಿಗಳ ತುಂಬ ಚಿಗುರು, ಚಿಗುರಿನ ತುದಿಯಲ್ಲೆಲ್ಲ ಮೊಗ್ಗು. ಬೆಳಿಗ್ಗೆ ಬಿಡಿಸಿ ಒದ್ದೆ ಬಟ್ಟೆಯಲ್ಲಿಟ್ಟರೆ ಸಂಜೆಗೆ ಅರಳಿ ಮನೆಯೆಲ್ಲ ಘಮ ಘಮ. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ಅಂಗಳದ್ದಕ್ಕೆ ಯಾವ ಗುರುತೂ ಇಲ್ಲ. ಆದರೂ ಎದ್ದ ಕೂಡಲೇ ಹಲ್ಲುಜ್ಜುವುದಕ್ಕೂ ಮುಂಚೆ ಹೋಗಿ ಮೊಗ್ಗು ನೋಡುವುದು ನಮಗೆ ಅಭ್ಯಾಸವಾಗಿದೆ. ಈ ವಯಸ್ಸಿನಲ್ಲಿ ಇಂಥ ಖುಷಿ ಬರುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಯುಗಾದಿ ದಿನ ಮೊಗ್ಗಿನ ಬುಟ್ಟಿಯನ್ನು ಅವ್ವನ ತೊಡೆಯ ಮೇಲಿಟ್ಟೆವು. ಲೋಟ ಎತ್ತಲೂ ನಡುಗುವ ಕೈ, ಬಾಳೆನಾರು ಹಿಡಿದ ಕೂಡಲೇ ನೆಟ್ಟಗಾಯಿತು. ಎರಡು ಮೊಳ ಕಟ್ಟಿದರು. ದೇವರಿಗೆ ಒಂದು ತುಂಡು, ಸೊಸೆಗೆ ಒಂದು ತುಂಡು ಕೊಟ್ಟು, ಮಿಕ್ಕಿದ್ದನ್ನು ನೀಡಿ ಹೇಳಿದರು, "ಇದನ್ನ ಪಕ್ಕದ ಮನೆಗೆ ಕೊಟ್ಟು ಬನ್ನಿ. ಕಡ ತಂದಿದ್ದು ಇಟ್ಟುಕೋಬಾರದು."

1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ಆ ದಾರಿಯಲ್ಲೇ ನಮ್ಮ ಸಂಘಕ್ಕೂ ಇಂದು 25 ತುಂಬಿದೆ. ಕೇಳಿ ತರುವುದು, ಹೊತ್ತಿಗೆ ಸರಿಯಾಗಿ ಹಿಂದಿರುಗಿಸುವುದು — ಸಂಘ ನಡೆಯುವುದು ಇದರ ಮೇಲೆ. ನಮ್ಮ ತಾಯಂದಿರು ಹಿತ್ತಲಲ್ಲಿ ಇದೇ ಲೆಕ್ಕವನ್ನು ಪುಸ್ತಕವಿಲ್ಲದೆ ನಡೆಸಿದ್ದಾರೆ.

ಆದ್ದರಿಂದ ಒಂದು ವಿನಂತಿ. ಮಳೆಗಾಲ ಹಿಡಿದ ಮೇಲೆ ನಮ್ಮ ಮನೆಗೆ ಬನ್ನಿ, ಮಲ್ಲಿಗೆ ಕಡ್ಡಿ, ದಾಸವಾಳದ ಕಡ್ಡಿ ಕೊಡುತ್ತೇವೆ. ಅರ್ಜಿ ಬೇಡ, ಜಾಮೀನು ಬೇಡ. ಬಡ್ಡಿ ಇಷ್ಟೇ: ಗಿಡ ಹತ್ತಿದ ಮೇಲೆ ಇನ್ನೊಂದು ಮನೆಗೆ ಒಂದು ಕಡ್ಡಿ ಕೊಡಿ. ಬಂದವರು ಕಿಟಕಿ ಹತ್ತಿರ ಹೋಗಿ ಅವ್ವನನ್ನು ಎರಡು ಮಾತು ಕೇಳಿ ಹೋಗಿ. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಇವತ್ತೇ ಕೇಳಿ. ಯೂರಿಯಾ ಉಳಿಯುತ್ತದೆ!