ಬಾಲ್ಕನಿಯ ಬಸಳೆ



ನನಗೆ ಕೊಟ್ಟ ವಿಷಯ ‘ಕೈತೋಟ ಮತ್ತು ಆರೋಗ್ಯ’. ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿರುವವಳಿಗೆ ಎಲ್ಲಿಯ ತೋಟ ಎಂದು ನಿಮಗೆ ನಗು ಬರಬಹುದು. ನನ್ನ ತೋಟವೆಂದರೆ ಬಾಲ್ಕನಿಯ ಗ್ರಿಲ್ಲಿನಲ್ಲಿರುವ 14 ಕುಂಡಗಳು, ಅಷ್ಟೇ.

ಆ ಕುಂಡಗಳನ್ನು ತಂದವರು ನನ್ನ ಯಜಮಾನರು. ಅವರು ತೀರಿಕೊಂಡ ಮೇಲೆ ಆರು ತಿಂಗಳು ನಾನು ಬಾಲ್ಕನಿಯ ಬಾಗಿಲನ್ನೇ ತೆರೆಯಲಿಲ್ಲ. ಮಲ್ಲಿಗೆ ಒಣಗಿತು, ತುಳಸಿ ಕಡ್ಡಿಯಾಯಿತು. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಏಳಲು ಮನಸ್ಸಿಲ್ಲ. ಮಗಳು ಬಲವಂತವಾಗಿ ವೈದ್ಯರ ಬಳಿ ಕರೆದೊಯ್ದಳು. ಅವರು ಮಾತ್ರೆ ಬರೆದುಕೊಟ್ಟು, “ಬೆಳಗಿನ ಹೊತ್ತು ಸ್ವಲ್ಪ ಬಿಸಿಲಿನಲ್ಲಿರಿ, ಕೈಗೆ ಏನಾದರೂ ಕೆಲಸ ಕೊಡಿ” ಎಂದರು. ಅದೇ ವಾರ ಪಕ್ಕದ ಮನೆಯ ವಹಿನಿ ‘ಮಯಾಳು’ ಎಂದು ಒಂದು ಬಳ್ಳಿಯ ತುಂಡು ತಂದುಕೊಟ್ಟರು. ನೋಡಿದರೆ ನಮ್ಮೂರಿನ ಬಸಳೆ!

ನೆಟ್ಟೆ. ಎಂಟು ಹತ್ತು ದಿನಕ್ಕೆ ಚಿಗುರಿತು. ನೀರು ಹಾಕಬೇಕಲ್ಲ ಎಂದು ಏಳತೊಡಗಿದೆ. ಮಣ್ಣು ಕೆದಕುವುದು, ಬಗ್ಗಿ ಏಳುವುದು, ಬಳ್ಳಿ ಕಟ್ಟಲು ಕೈ ಎತ್ತುವುದು, ಇವೆಲ್ಲ ವ್ಯಾಯಾಮವೇ. ಹಿಡಿದುಕೊಂಡಿದ್ದ ನನ್ನ ಭುಜ ಮೆಲ್ಲಗೆ ಸಡಿಲವಾಯಿತು. ದಿನವೂ ಒಂದೇ ಹೊತ್ತಿಗೆ ಏಳುವುದರಿಂದ ನಿದ್ದೆಯೂ ಹದಕ್ಕೆ ಬಂತು.

ಇದು ನನ್ನೊಬ್ಬಳ ಅನುಭವವಲ್ಲ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಒಂದು ಆಸ್ಪತ್ರೆಯ ಅಧ್ಯಯನವನ್ನು ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು. ಬರೀ ನೋಡಿದ್ದಕ್ಕೇ ಇಷ್ಟು! 2011ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಪ್ರಯೋಗದಲ್ಲಿ ಒತ್ತಡದ ಕೆಲಸ ಮಾಡಿದವರಲ್ಲಿ ಕೆಲವರು ಅರ್ಧ ಗಂಟೆ ಓದಿದರು, ಕೆಲವರು ತೋಟದ ಕೆಲಸ ಮಾಡಿದರು. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಬ್ಬರಲ್ಲೂ ಇಳಿಯಿತು, ಆದರೆ ತೋಟದಲ್ಲಿದ್ದವರಲ್ಲಿ ಹೆಚ್ಚು ಇಳಿಯಿತು.

ಕೆಲವು ಎಚ್ಚರಿಕೆಗಳೂ ಇವೆ. ಮಂಡಿನೋವಿದ್ದವರು ಸ್ಟೂಲಿನ ಮೇಲೆ ಕುಳಿತು ಕೆಲಸ ಮಾಡಿ. ತುಂಬಿದ ಕುಂಡ ಎತ್ತಬೇಡಿ. ಕೈಗವಸು ಹಾಕಿಕೊಳ್ಳಿ, ಗಾಯಕ್ಕೆ ಮಣ್ಣು ತಗಲಿದರೆ ಟೆಟನಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಿನಲ್ಲೇ.

ಗಿಡ ನೆಟ್ಟರೆ ಔಷಧಿ ಬೇಡ ಎಂದು ನಾನು ಹೇಳುವುದಿಲ್ಲ. ವೈದ್ಯರು ನಿಲ್ಲಿಸಿ ಎನ್ನುವವರೆಗೆ ನಾನು ಮಾತ್ರೆ ತೆಗೆದುಕೊಂಡೆ. ಒಣಗಿದ ಮಲ್ಲಿಗೆಯೂ ಮತ್ತೆ ಚಿಗುರಲಿಲ್ಲ. ಅದೇ ಕುಂಡದಲ್ಲಿ ಈಗ ದೊಡ್ಡಪತ್ರೆ ಇದೆ. ಯಜಮಾನರಿಗೆ ಅದರ ತಂಬುಳಿಯೆಂದರೆ ಪ್ರಾಣ. ಈಗ ವಹಿನಿಯ ಮನೆಗೂ ಒಂದು ಬಟ್ಟಲು ಹೋಗುತ್ತದೆ.

ಹೊರಗೆ ಮೇಜಿನ ಮೇಲೆ ಬಸಳೆ ಕಡ್ಡಿಗಳನ್ನು ಇಟ್ಟಿದ್ದೇನೆ. ಹೋಗುವಾಗ ಒಂದೊಂದು ಒಯ್ಯಿರಿ. ಚಿಗುರಿದ ದಿನ ನನಗೊಂದು ಫೋನ್ ಮಾಡಿ.