ಹೊಗೆ ಕೊಳವೆಯೊಳಗಿನ ಕಸುಬು



ಹೋಟೆಲಿನ ಅಡುಗೆಮನೆ ಚೊಕ್ಕಟವಾಗಿದೆಯೇ ಎಂದು ಇಣುಕಿ ನೋಡುವವರ ಕಣ್ಣು ಸಾಮಾನ್ಯವಾಗಿ ಒಲೆಯ ಎತ್ತರಕ್ಕೇ ನಿಂತುಬಿಡುತ್ತದೆ. ಕಾವಲಿ, ಕಟ್ಟೆ, ನೆಲ, ಅಡುಗೆಯವರ ಟೋಪಿ, ಅಷ್ಟೇ. ಅದರ ಮೇಲೆ ಸ್ಟೀಲಿನ ಹುಡ್ ಇದೆ. ಹುಡ್ಡಿನೊಳಗೆ ಓರೆಯಾಗಿ ನಿಲ್ಲಿಸಿದ ಫಿಲ್ಟರುಗಳಿವೆ. ಅಲ್ಲಿಂದ ಹೊರಟ ತಗಡಿನ ಡಕ್ಟ್ ಫಾಲ್ಸ್ ಸೀಲಿಂಗಿನ ಮೇಲೆ ಹಾದು, ಗೋಡೆ ದಾಟಿ, ತಾರಸಿ ಏರುತ್ತದೆ. ತುದಿಯಲ್ಲಿ ದೊಡ್ಡ ಬ್ಲೋವರ್ ಕೂತಿರುತ್ತದೆ. ಈ ಕೊಳವೆಯನ್ನು ಒಳಗಿನಿಂದ ಶುಚಿ ಮಾಡುವವರ ಕೆಲಸದ ಬಗ್ಗೆ, ಅದಕ್ಕೆ ಬೇಕಾದ ವಿದ್ಯೆಯ ಬಗ್ಗೆ ಇವತ್ತಿನ ಮಾತು. ಇದನ್ನು ನಾವು ಕಸ ಗುಡಿಸುವ, ಪಾತ್ರೆ ತೊಳೆಯುವ ಕೆಲಸಗಳ ಸಾಲಿಗೆ ಸೇರಿಸಿದ್ದೇವೆ. ನಾನು ಇದನ್ನು ಬೆಂಕಿ ತಡೆಯುವವರ ಕಸುಬು ಎಂದೇ ಎಣಿಸುತ್ತೇನೆ.

ದೆಹಲಿ ಕನ್ನಡಿಗರಿಗೆ ಹೋಟೆಲ್ ಉದ್ಯಮ ದೂರದ ಸಂಗತಿಯಲ್ಲ. ಕಾರ್ಕಳ ಕಡೆಯ ಜಯರಾಮ ಬನಾನ್ ಅವರು ಗಾಜಿಯಾಬಾದಿನ ಕಾರ್ಖಾನೆಯೊಂದರ ಕ್ಯಾಂಟೀನಿನಿಂದ ಶುರುಮಾಡಿ, 1986ರಲ್ಲಿ ಡಿಫೆನ್ಸ್ ಕಾಲೊನಿಯಲ್ಲಿ ಸಾಗರ್ ತೆರೆದರು. ಉತ್ತರ ಭಾರತದವರ ನಾಲಿಗೆಗೆ ನಮ್ಮ ದೋಸೆ, ಸಾಂಬಾರು ಹತ್ತಿದ್ದರಲ್ಲಿ ಅಂಥ ಹೋಟೆಲುಗಳ ಪಾಲು ದೊಡ್ಡದು. ಇವತ್ತು ಕನಾಟ್ ಪ್ಲೇಸಿನಿಂದ ಗುರುಗ್ರಾಮದ ಸೈಬರ್ ಹಬ್, ನೋಯ್ಡಾದ ಸೆಕ್ಟರ್ 18ರ ತನಕ ಒಂದೇ ಸಾಲಿನಲ್ಲಿ ವಡೆ ಕರಿಯುತ್ತದೆ, ಭಟೂರೆ ಉಬ್ಬುತ್ತದೆ, ತಂದೂರ್ ಉರಿಯುತ್ತದೆ, ಚೈನೀಸ್ ಬಾಣಲೆಯಲ್ಲಿ ಜ್ವಾಲೆ ಏಳುತ್ತದೆ. ಈ ಎಲ್ಲದರ ಜಿಡ್ಡೂ ಹೋಗುವುದು ಮೇಲಕ್ಕೇ.

ಕಾದ ಎಣ್ಣೆಯಿಂದ ಏಳುವುದು ಬರೀ ಹೊಗೆಯಲ್ಲ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜಿಡ್ಡಿನ ಹನಿಗಳಿರುತ್ತವೆ. ಫಿಲ್ಟರಿನ ಅಂಕುಡೊಂಕು ಸಂದುಗಳಲ್ಲಿ ಗಾಳಿ ದಿಕ್ಕು ಬದಲಿಸುವಾಗ ದಪ್ಪ ಹನಿಗಳು ತಗಡಿಗೆ ಬಡಿದು ಕೆಳಗಿನ ತೊಟ್ಟಿಗೆ ಇಳಿಯುತ್ತವೆ. ಸಣ್ಣವು ತಪ್ಪಿಸಿಕೊಂಡು ಡಕ್ಟಿನೊಳಗೆ ಹೋಗಿ, ತಣ್ಣನೆಯ ಗೋಡೆಗೆ ಅಂಟಿಕೊಳ್ಳುತ್ತವೆ. ಡಕ್ಟ್ ಎಲ್ಲಿ ಅಡ್ಡಕ್ಕೆ ಹರಿಯುತ್ತದೋ, ಎಲ್ಲಿ ತಿರುಗುತ್ತದೋ ಅಲ್ಲಿ ಜಿಡ್ಡು ಹೆಚ್ಚು. ಮೊದಲು ಅದು ಬೆರಳಲ್ಲಿ ಒರೆಸಿದರೆ ಬರುವಂತಿರುತ್ತದೆ. ತಿಂಗಳುಗಟ್ಟಲೆ ಬಿಸಿಗಾಳಿ ತಾಗಿ ಕಂದುಬಣ್ಣಕ್ಕೆ ತಿರುಗಿ, ಕೊನೆಗೆ ಒಣಗಿದ ಅರಗಿನಂತೆ ಗಟ್ಟಿಯಾಗುತ್ತದೆ. ದೆಹಲಿಯ ಜನವರಿಯಲ್ಲಿ ರಾತ್ರಿಯ ತಾಪ ನಾಲ್ಕೈದು ಡಿಗ್ರಿಗೆ ಇಳಿದಾಗ ತಾರಸಿಯ ಮೇಲಿನ ಡಕ್ಟಿನಲ್ಲಿ ಡಾಲ್ಡಾದ ಜಿಡ್ಡು ಮೇಣದಂತೆ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ಅದೇ ಜಿಡ್ಡು ಕರಗಿ ಕೀಲುಗಳಿಂದ ಸೋರುತ್ತದೆ.

ಅಡುಗೆ ಎಣ್ಣೆ ಸುಮಾರು 350 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಕಡ್ಡಿ ಗೀರದೆಯೂ ಹೊತ್ತಿಕೊಳ್ಳಬಲ್ಲದು. ಬಾಣಲೆಯ ಜ್ವಾಲೆ ಒಮ್ಮೆ ಫಿಲ್ಟರಿಗೆ ತಾಗಿದರೆ ಬ್ಲೋವರೇ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೊತ್ತಿಕೊಂಡದ್ದು ಸೀಲಿಂಗಿನ ಮೇಲೆ, ಕೆಳಗೆ ಊಟ ಮಾಡುವವರಿಗೆ ಸುಳಿವೇ ಇರುವುದಿಲ್ಲ. 2007ರ ಆಗಸ್ಟ್ 29ರಂದು ಅಮೆರಿಕದ ಬಾಸ್ಟನ್ ನಗರದ ವೆಸ್ಟ್ ರಾಕ್ಸ್‌ಬರಿಯ ಒಂದು ರೆಸ್ಟೋರೆಂಟಿನಲ್ಲಿ ಹೀಗೇ ಆಯಿತು. ಡಕ್ಟಿನ ಜಿಡ್ಡು ಸೀಲಿಂಗಿನ ಮೇಲೆ ಬಹಳ ಹೊತ್ತು ಯಾರ ಕಣ್ಣಿಗೂ ಬೀಳದೆ ಉರಿದಿತ್ತು. ಅಗ್ನಿಶಾಮಕ ಸಿಬ್ಬಂದಿ ಒಳಗೆ ಹೋದ ಮೇಲೆ ಬೆಂಕಿ ಒಮ್ಮೆಲೇ ಊಟದ ಕೋಣೆಗೆ ನುಗ್ಗಿತು. ಇಬ್ಬರು ಸತ್ತರು. ಊಟಕ್ಕೆ ಬಂದವರಲ್ಲ, ಬೆಂಕಿ ಆರಿಸಲು ಬಂದವರು.

ಈಗ ಕೆಲಸಕ್ಕೆ ಬರೋಣ. ಇದು ರಾತ್ರಿಯ ಕೆಲಸ. ಕೊನೆಯ ಆರ್ಡರ್ ಮುಗಿದು, ಒಲೆ ಆರಿ, ತಗಡು ತಣ್ಣಗಾದ ಮೇಲೆ ಶುರು. ಬೆಳಗಿನ ಇಡ್ಲಿ ಹಬೆಯಾಡುವ ಮೊದಲು ಮುಗಿಯಬೇಕು. ಬಲ್ಲ ಕೆಲಸಗಾರ ಮೊದಲು ಗ್ಯಾಸಿನ ವಾಲ್ವ್ ಮುಚ್ಚುತ್ತಾನೆ. ಬ್ಲೋವರಿನ ವಿದ್ಯುತ್ತನ್ನು ಮೇನಿನಲ್ಲೇ ಕಡಿದು, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ತಾನು ಕೈಹಾಕಿದ ಹೊತ್ತಿನಲ್ಲಿ ಕೆಳಗೆ ಯಾರೋ ಗೊತ್ತಿಲ್ಲದೆ ಸ್ವಿಚ್ ಒತ್ತಿದರೆ ಬೆರಳು ಉಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತು. ಆಮೇಲೆ ಹುಡ್ಡಿನ ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿ, ಕೊಳೆನೀರು ಒಲೆಗೆ ಬೀಳದೆ ಡ್ರಮ್ಮಿಗೆ ಇಳಿಯುವಂತೆ ಮಾಡುತ್ತಾನೆ.

ಫಿಲ್ಟರ್ ತೆಗೆದು ಬಿಸಿ ಕಾಸ್ಟಿಕ್ ನೀರಿನಲ್ಲಿ ನೆನೆಹಾಕುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಆದರೆ ಪರಿಣತಿ ಬೇಕಾಗುವುದೂ ಇಲ್ಲೇ. ಫಿಲ್ಟರ್ ಸ್ಟೀಲಿನದಾದರೆ ತೊಂದರೆಯಿಲ್ಲ. ಅಲ್ಯುಮಿನಿಯಂ ಆದರೆ ನೊರೆಯೆದ್ದು ಲೋಹವೇ ಕರಗುತ್ತದೆ, ಜೊತೆಗೆ ಹೊತ್ತಿ ಉರಿಯಬಲ್ಲ ಹೈಡ್ರೋಜನ್ ಅನಿಲ ಹೊರಡುತ್ತದೆ. ಜಿಐ ತಗಡಿನ ಸತುವಿನ ಲೇಪವನ್ನೂ ಕಾಸ್ಟಿಕ್ ತಿನ್ನುತ್ತದೆ. ತಗಡನ್ನು ಮುಟ್ಟಿ, ಎತ್ತಿ, ಅಯಸ್ಕಾಂತ ಹಿಡಿದು ಇದು ಯಾವ ಲೋಹ ಎಂದು ಹೇಳಬಲ್ಲವನು ಕಲಿತವನು. ಹಾಗೆಯೇ ಕಾಸ್ಟಿಕ್ ಕಣ್ಣಿಗೆ ಸಿಡಿದರೆ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ; ಉಜ್ಜದೆ, ಕಾಯದೆ, ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ನೀರು ಹಾಯಿಸುತ್ತಾ ಇರಬೇಕು, ಆಮೇಲೆ ಆಸ್ಪತ್ರೆ. ಕನ್ನಡಕ, ಉದ್ದ ಕೈಗವಸು ಇಲ್ಲದೆ ಹುಡುಗರನ್ನು ಈ ಕೆಲಸಕ್ಕೆ ಹಚ್ಚುವುದು ಅನ್ಯಾಯ.

ಡಕ್ಟಿನೊಳಗೆ ಮೊದಲು ಕೆರೆಯಬೇಕು, ನೀರು ಆಮೇಲೆ. ಕೀಲು ಸಡಿಲವಾದ ಅಡ್ಡ ಡಕ್ಟಿಗೆ ಒತ್ತಡದ ನೀರು ಹೊಡೆದರೆ ಅದು ಫಾಲ್ಸ್ ಸೀಲಿಂಗಿನ ವೈರಿನ ಮೇಲೆ ಸುರಿಯುತ್ತದೆ. ಅಂಥಲ್ಲಿ ಒಣ ಕೆರೆತವೇ ಸರಿ. ಹುಡ್ಡಿನೊಳಗಿನ ಬೆಂಕಿ ಆರಿಸುವ ನಾಜಲ್‌ಗಳನ್ನು, ಶಾಖಕ್ಕೆ ಕರಗುವ ಸಣ್ಣ ಕೊಂಡಿಗಳನ್ನು ಶುಚಿ ಮಾಡುವವನು ಮುಟ್ಟಬಾರದು, ಆ ವ್ಯವಸ್ಥೆ ನೋಡಿಕೊಳ್ಳುವ ತಂತ್ರಜ್ಞನನ್ನೇ ಕರೆಸಬೇಕು. ಬ್ಲೋವರಿನ ರೆಕ್ಕೆಗಳನ್ನು ಒಂದೇ ಸಮನಾಗಿ ಶುಚಿ ಮಾಡಬೇಕು. ಒಂದರಲ್ಲಿ ಜಿಡ್ಡು ಉಳಿದರೂ ತೂಕ ತಪ್ಪಿ ನಡುಗತೊಡಗುತ್ತದೆ, ಬೇರಿಂಗ್ ಹಾಳಾಗುತ್ತದೆ.

ಎಷ್ಟು ದಿನಕ್ಕೊಮ್ಮೆ? ಅಮೆರಿಕದ ಎನ್‌ಎಫ್‌ಪಿಎ 96 ಎಂಬ ಮಾನದಂಡ ಇದಕ್ಕೆ ಸ್ಪಷ್ಟ ಲೆಕ್ಕ ಕೊಡುತ್ತದೆ. ಕಟ್ಟಿಗೆ, ಇದ್ದಿಲು ಉರಿಸುವ ಒಲೆಯಿದ್ದರೆ ತಿಂಗಳಿಗೊಮ್ಮೆ, ಇಪ್ಪತ್ನಾಲ್ಕು ಗಂಟೆ ನಡೆಯುವ ಅಥವಾ ಹೆಚ್ಚು ಕರಿಯುವ ಅಡುಗೆಮನೆಯಲ್ಲಿ ಮೂರು ತಿಂಗಳಿಗೊಮ್ಮೆ, ಸಾಧಾರಣ ಹೋಟೆಲಿನಲ್ಲಿ ಆರು ತಿಂಗಳಿಗೊಮ್ಮೆ ತಪಾಸಣೆ. ಜಿಡ್ಡು ಕಂಡರೆ ಶುಚಿ. ಡಕ್ಟಿನ ಜಿಡ್ಡು 2 ಮಿಲಿಮೀಟರ್ ಮುಟ್ಟಿದರೆ ತೆಗೆಯಲೇಬೇಕು. ಅಳೆಯಲು ಬಾಚಣಿಗೆಯಂಥ ಪುಟ್ಟ ಮಾಪಕವಿದೆ, ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಅಡ್ಡ ಡಕ್ಟಿಗೆ ಸುಮಾರು 12 ಅಡಿಗೊಂದು ಬಾಗಿಲು, ಪ್ರತಿ ತಿರುವಿನಲ್ಲೂ ಒಂದು ಬಾಗಿಲು ಬೇಕು ಎನ್ನುತ್ತದೆ ಅದೇ ಮಾನದಂಡ. ನಮ್ಮ ಹಳೆಯ ಮಾರುಕಟ್ಟೆಗಳ ಕಟ್ಟಡಗಳಲ್ಲಿ ಬಾಗಿಲೇ ಇಲ್ಲದ ಡಕ್ಟುಗಳು ಸಾಮಾನ್ಯ. ಬಾಗಿಲಿಲ್ಲ ಎಂದರೆ ಆ ಭಾಗ ಕಟ್ಟಿದಂದಿನಿಂದ ಶುಚಿಯಾಗಿಲ್ಲ ಎಂದೇ ಅರ್ಥ.

ದೆಹಲಿಗೆ ಇನ್ನೊಂದು ವಿಶೇಷವಿದೆ, ಅದು ಹವೆ. ಐಐಟಿ ಕಾನ್ಪುರ 2016ರಲ್ಲಿ ಕೊಟ್ಟ ವಾಯುಮಾಲಿನ್ಯ ವರದಿ, ನಗರದ ಸುಮಾರು 9,000 ಹೋಟೆಲು, ರೆಸ್ಟೋರೆಂಟುಗಳು ಹೆಚ್ಚಾಗಿ ತಂದೂರಿಗೆ ಕಲ್ಲಿದ್ದಲು ಬಳಸುತ್ತಿವೆ ಎಂದಿತ್ತು. ಈಗ ಹವೆ ಕೆಟ್ಟಾಗ ತಂದೂರಿನ ಇದ್ದಿಲು, ಕಟ್ಟಿಗೆಗೆ ನಿಷೇಧ ಬೀಳುತ್ತದೆ. ಹೊಗೆಯನ್ನು ತಡೆಯಲು ಅನೇಕರು ಡಕ್ಟಿನ ದಾರಿಯಲ್ಲಿ ಇಎಸ್‌ಪಿ ಯಂತ್ರ ಕೂರಿಸಿದ್ದಾರೆ. ಸಾವಿರಾರು ವೋಲ್ಟಿನ ವಿದ್ಯುತ್ತಿನಿಂದ ಜಿಡ್ಡಿನ ಕಣಗಳನ್ನು ತಟ್ಟೆಗಳಿಗೆ ಸೆಳೆಯುವ ಯಂತ್ರ ಅದು. ಸ್ವಿಚ್ ಆರಿಸಿದ ಮೇಲೂ ತಟ್ಟೆಯಲ್ಲಿ ವಿದ್ಯುತ್ತು ನಿಂತಿರಬಹುದು. ಅರ್ಥಿಂಗ್ ಮುಟ್ಟಿಸದೆ ಕೈಹಾಕುವಂತಿಲ್ಲ. ತೊಳೆದ ತಟ್ಟೆ ಪೂರ್ತಿ ಒಣಗದೆ ಚಾಲೂ ಮಾಡಿದರೆ ಜಿಡ್ಡಿನ ನಡುವೆಯೇ ಕಿಡಿ ಹಾರುತ್ತದೆ. ಹವೆಗಾಗಿ ತಂದ ಯಂತ್ರ ಶುಚಿಯಿಲ್ಲದೆ ಬೆಂಕಿಗೆ ದಾರಿ ಮಾಡಬಾರದು.

ಇಷ್ಟೆಲ್ಲ ಗೊತ್ತಿರಬೇಕಾದ ಹುಡುಗ ಇದನ್ನು ಕಲಿಯುವುದು ಹೆಚ್ಚಾಗಿ ಉಸ್ತಾದನ ಹಿಂದೆ ಬಕೆಟ್ ಹಿಡಿದು. ಉಸ್ತಾದ ಒಳ್ಳೆಯವನಾದರೆ ಹುಡುಗನ ಪುಣ್ಯ. ಅಮೆರಿಕದಲ್ಲಿ ಈ ಕಸುಬಿನವರ ಸಂಘ 1989ರಲ್ಲೇ ಹುಟ್ಟಿ, ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತಾ ಬಂದಿದೆ. ನಮ್ಮಲ್ಲಿ ಸಾಮಗ್ರಿ ಎಲ್ಲ ಇದೆ. ದೆಹಲಿಯ ಪೂಸಾದಲ್ಲಿ ಅಡುಗೆ ಕಲಿಸುವ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ, ಅದೇ ಪೂಸಾದಲ್ಲಿ ಐಟಿಐ ಇದೆ, ರೋಹಿಣಿಯಲ್ಲಿ ಅಗ್ನಿಶಾಮಕ ಇಲಾಖೆಯ ತರಬೇತಿ ಕೇಂದ್ರವಿದೆ. ಒಂದು ಕಡೆ ಒಲೆ, ಒಂದು ಕಡೆ ತಗಡು, ಒಂದು ಕಡೆ ಬೆಂಕಿ. ಮೂರೂ ಕೂಡಿ ಕೆಲವು ವಾರಗಳ ಒಂದು ಕೋರ್ಸ್ ನಡೆಸಿದರೆ ಸಾಕು. ಲೋಹ, ರಾಸಾಯನಿಕ, ವಿದ್ಯುತ್ತು, ಎತ್ತರದ ಕೆಲಸ, ಉಳಿದ ಜಿಡ್ಡನ್ನು ಅಳೆದು ವರದಿ ಬರೆಯುವುದು, ಇಷ್ಟನ್ನು ಕೈಯಾರೆ ಮಾಡಿಸಿ ಕಲಿಸಬೇಕು. ವರದಿಯಲ್ಲಿ ತಾನು ತಲುಪಲಾಗದ ಜಾಗವನ್ನೂ ಬರೆಯುವ ಪ್ರಾಮಾಣಿಕತೆಯನ್ನು ಮೊದಲ ದಿನವೇ ಕಲಿಸಬೇಕು.

ಹೋಟೆಲ್ ನಡೆಸುವ ಕನ್ನಡದ ಬಂಧುಗಳಲ್ಲಿ ನನ್ನದೊಂದು ವಿನಂತಿ. ಅತಿ ಕಡಿಮೆ ದರದವನಿಗೆ ಗುತ್ತಿಗೆ ಕೊಟ್ಟು, ಹುಡ್ಡಿನ ಹೊಳಪು ನೋಡಿ ಬಿಲ್ ಪಾಸ್ ಮಾಡಬೇಡಿ. ಡಕ್ಟಿನ ತಿರುವಿನೊಳಗೆ ತೆಗೆದ ಫೋಟೊ ಕೇಳಿ, ಶುಚಿ ಮಾಡುವ ಮುಂಚಿನದೊಂದು, ಆಮೇಲಿನದೊಂದು. ಆಮೇಲಿನ ಫೋಟೊದಲ್ಲಿ ಬರಿಯ ತಗಡು ಕಾಣಬೇಕು. ಕೆಲಸ ಮಾಡಿದವರಿಗೆ ಕೈಗವಸು, ಕನ್ನಡಕ ಇದೆಯೇ ನೋಡಿ. ಬಾಗಿಲಿಲ್ಲದ ಡಕ್ಟಿಗೆ ಈ ವರ್ಷವೇ ಬಾಗಿಲು ಮಾಡಿಸಿ.