ಗಾಡಿ ‘ಮಿಸ್ಸಿಂಗ್’ ಹೊಡೆದರೆ ಮೊದಲು ಮನೆಯಲ್ಲೇ ನೋಡಿ



ಇವತ್ತು ಹಾಡು, ಹರಟೆ ಬದಿಗಿಟ್ಟು ಕಾರಿನ ಬಾನೆಟ್ ಎತ್ತೋಣ. ‘ಓದಿದ್ದು ಕನ್ನಡ ಬಿ.ಎ., ಇವರಿಗೇಕೆ ಇಂಜಿನ್ನಿನ ಉಸಾಬರಿ?’ ಎಂದು ನೀವು ಕೇಳಬಹುದು. ಪೆಟ್ಟು ತಿಂದು ಕಲಿತ ಪಾಠಕ್ಕೆ ಡಿಗ್ರಿ ಬೇಕಿಲ್ಲ, ಅಲ್ಲವೇ?

ಕಳೆದೊಂದು ಮಳೆಗಾಲದಲ್ಲಿ ಅವ್ವನನ್ನು ಮುಂಬಯಿಯಿಂದ ಧಾರವಾಡಕ್ಕೆ ಕರೆದುಕೊಂಡು ಹೊರಟಿದ್ದೆ. ಪುಣೆ ದಾಟಿ ಖಂಬಾಟ್ಕಿ ಘಾಟ್ ಏರುವಾಗ ಗಾಡಿ ಗಡಗಡ ನಡುಗತೊಡಗಿತು. ಆಕ್ಸಿಲರೇಟರ್ ಒತ್ತಿದರೂ ಎಳೆತವಿಲ್ಲ. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಕಣ್ಣು ಮಿಟುಕಿಸುತ್ತಿತ್ತು. ‘ಯಾಕವ್ವಾ, ಗಾಡಿ ಹಿಂಗ್ಯಾಕ ನಡಗಾಕತ್ತೈತಿ?’ ಎಂದಳು ಹಿಂದೆ ಕೂತ ಅವ್ವ. ‘ಏನಿಲ್ಲ ಬಿಡು’ ಎಂದು ಹಾಗೇ ಸಾತಾರದವರೆಗೆ ಓಡಿಸಿದೆ. ನಾನು ಮಾಡಿದ ತಪ್ಪು ಅದೇ. ಅದರ ಲೆಕ್ಕ ಕೊನೆಯಲ್ಲಿ ಹೇಳುತ್ತೇನೆ.

ಅಲ್ಲೊಂದು ಗ್ಯಾರೇಜಿನಲ್ಲಿ ಎರಡು ನಿಮಿಷ ಕಿವಿಗೊಟ್ಟು ಕೇಳಿ, ‘ಮ್ಯಾಡಮ್, ವಾಲ್ವ್ ಹೋಗಿದೆ. ಇಂಜಿನ್ ಬಿಚ್ಚಬೇಕು, ನಾಲ್ಕು ದಿನ ಬಿಟ್ಟು ಹೋಗಿ’ ಎಂದರು. ಅವ್ವನನ್ನು ಬಸ್ಸು ಹತ್ತಿಸಿದೆ. ಆದರೆ ಇಂಜಿನ್ ಬಿಚ್ಚಿಸಲು ಮನಸ್ಸು ಒಪ್ಪಲಿಲ್ಲ. ಗಾಡಿಯನ್ನು ಪುಣೆಯ ಗೆಳತಿಯ ಮನೆಗೆ ಎಳೆಸಿಕೊಂಡು ಬಂದೆ. ಆಕೆಯ ಮಾವನವರು ಗಾಡಿ ರಿಪೇರಿಯಲ್ಲೇ ಕೂದಲು ನೆರೆಸಿಕೊಂಡವರು. ಅಂಗಳದಲ್ಲೇ ಅರ್ಧ ಗಂಟೆಯಲ್ಲಿ ಅವರು ರೋಗ ಹಿಡಿದ ಬಗೆಯನ್ನು ಈಗ ನಿಮ್ಮ ಮುಂದಿಡುತ್ತೇನೆ.

ಮೊದಲು, ಮಿಸ್ಸಿಂಗ್ ಎಂದರೇನು? ನಾಲ್ಕು ಸಿಲಿಂಡರಿನ ಇಂಜಿನ್ ಎಂದರೆ ನಾಲ್ವರು ಹೊತ್ತ ಪಲ್ಲಕ್ಕಿ. ಒಬ್ಬ ಹೆಗಲು ಕೊಡದಿದ್ದರೆ ಪಲ್ಲಕ್ಕಿ ಓಲಾಡುತ್ತದೆ. ಮೂರೇ ಸಿಲಿಂಡರಿನ ಸಣ್ಣ ಕಾರುಗಳಲ್ಲಿ ಈ ಓಲಾಟ ಇನ್ನೂ ಜಾಸ್ತಿ. ಪೆಟ್ರೋಲ್ ಇಂಜಿನ್ನಿನ ಪ್ರತಿ ಸಿಲಿಂಡರಿಗೂ ಬೇಕಾದದ್ದು ಮೂರೇ: ಹದವಾಗಿ ಬೆರೆತ ಗಾಳಿ-ಪೆಟ್ರೋಲು, ಅದನ್ನು ಅದುಮುವ ಒತ್ತಡ, ಸರಿಯಾದ ಹೊತ್ತಿಗೆ ಒಂದು ಕಿಡಿ. ಮೂರರಲ್ಲಿ ಒಂದು ತಪ್ಪಿದರೂ ಆ ಸಿಲಿಂಡರು ಕೆಲಸಕ್ಕೆ ಚಕ್ಕರ್ ಹಾಕುತ್ತದೆ. ಡೀಸೆಲ್ ಗಾಡಿಗೆ ಕಿಡಿಯ ಪ್ಲಗ್ಗೇ ಇಲ್ಲ, ಆದ್ದರಿಂದ ಇವತ್ತಿನ ಮಾತು ಪೆಟ್ರೋಲ್ ಮತ್ತು ಸಿ.ಎನ್.ಜಿ. ಗಾಡಿಗಳಿಗೆ ಮಾತ್ರ.

ಒಂದನೆಯ ಹೆಜ್ಜೆ, ನೆನಪು ಮಾಡಿಕೊಳ್ಳುವುದು. ಮಿಸ್ಸಿಂಗ್ ಯಾವಾಗ ಬರುತ್ತದೆ? ಮಳೆ ಬಂದಾಗ ಅಥವಾ ಗಾಡಿ ತೊಳೆದ ಮೇಲೆ ಬಂದರೆ ಕಾಯಿಲ್, ಪ್ಲಗ್ಗಿನ ಕಡೆ ನೀರಿನ ಪಸೆ ಇಳಿದಿರಬಹುದು. ಏರು ಹತ್ತುವಾಗ ಬಂದರೆ ಕಿಡಿ ಬಲಹೀನವಾಗಿರುವ ಅನುಮಾನ. ನಿಂತಲ್ಲಿ ನಡುಗಿ, ವೇಗ ಹಿಡಿದ ಮೇಲೆ ಸರಿಹೋದರೆ ಎಲ್ಲೋ ರಬ್ಬರ್ ಪೈಪು ಬಿರುಕು ಬಿಟ್ಟು ಕಳ್ಳಗಾಳಿ ಒಳಗೆ ಹೋಗುತ್ತಿರಬಹುದು. ಅಲ್ಲಿ ‘ಸ್ಸ್’ ಎಂಬ ಸದ್ದು ಕೇಳಿಸುವುದೂ ಉಂಟು.

ಮುಂಬಯಿ, ದೆಹಲಿಯ ಕೇಳುಗರಿಗೆ ಒಂದು ವಿಶೇಷ ಸೂಚನೆ. ಸಿ.ಎನ್.ಜಿ.ಗೆ ಕಿಡಿ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಗ್ಯಾಸಿನಲ್ಲಿ ಮಿಸ್ ಹೊಡೆದು, ಪೆಟ್ರೋಲಿಗೆ ಹಾಕಿದೊಡನೆ ಸರಿಯಾಗಿ ಓಡಿದರೆ ಮೊದಲು ಪ್ಲಗ್ ಮತ್ತು ಕಾಯಿಲ್ ನೋಡಿ. ಅವು ಸರಿಯಿದ್ದರೆ ಮಾತ್ರ ಗ್ಯಾಸಿನ ಕಿಟ್ಟಿಗೆ ಕೈ ಹಾಕಿಸಿ.

ಎರಡನೆಯ ಹೆಜ್ಜೆ, ಗಾಡಿಯನ್ನೇ ಕೇಳುವುದು. ಈಚಿನ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ ಒ.ಬಿ.ಡಿ. ಎಂಬ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಪುಟ್ಟ ಬ್ಲೂಟೂತ್ ಸ್ಕ್ಯಾನರ್ ಸಾವಿರ ರೂಪಾಯಿಯೊಳಗೂ ಸಿಗುತ್ತದೆ. ಫೋನಿನಲ್ಲಿ ಕೋಡ್ ಕಾಣುತ್ತದೆ. ಪಿ 0301 ಎಂದರೆ ಒಂದನೇ ಸಿಲಿಂಡರಿನ ಮಿಸ್, ಪಿ 0303 ಎಂದರೆ ಮೂರನೆಯದು. ಪಿ 0300 ಬಂದರೆ ಒಂದೇ ಕಡೆಯಲ್ಲ, ಅಲ್ಲಲ್ಲಿ ಆಗುತ್ತಿದೆ ಎಂದು ಅರ್ಥ. ಆಗ ಕಳ್ಳಗಾಳಿ, ಕೆಟ್ಟ ಪೆಟ್ರೋಲು ಇಂಥ ಎಲ್ಲಕ್ಕೂ ಸಮಾನವಾದ ಕಾರಣ ಹುಡುಕಬೇಕು. ಎಣಿಕೆ ಯಾವ ತುದಿಯಿಂದ ಶುರು ಎಂಬುದನ್ನು ಗಾಡಿಯ ಕೈಪಿಡಿಯಲ್ಲೋ ತಿಳಿದವರಲ್ಲೋ ಖಚಿತ ಮಾಡಿಕೊಳ್ಳಿ.

ನನ್ನ ಗಾಡಿ ಹೇಳಿದ್ದು ಪಿ 0303. ಕೋಡ್ ಸಿಲಿಂಡರನ್ನು ತೋರಿಸುತ್ತದೆಯೇ ಹೊರತು ಕೆಟ್ಟ ಸಾಮಾನನ್ನಲ್ಲ. ಹಾಗಾಗಿ ಮೂರನೆಯ ಹೆಜ್ಜೆ, ಅದಲು ಬದಲು. ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಇರುವ ಗಾಡಿಗಳಲ್ಲಿ ಇದು ಸುಲಭ. ಇಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಆ ಹಿರಿಯರು ಮೂರನೆಯದರ ಕಾಯಿಲನ್ನು ಒಂದನೆಯದಕ್ಕೂ, ಒಂದನೆಯದನ್ನು ಮೂರನೆಯದಕ್ಕೂ ಹಾಕಿದರು. ಹಳೆಯ ಕೋಡ್ ಅಳಿಸಿ ಸ್ಟಾರ್ಟ್ ಮಾಡಿದರು. ಸ್ವಲ್ಪ ಹೊತ್ತಿಗೆ ಬಂದ ಕೋಡ್ ಪಿ 0301! ರೋಗ ಕಾಯಿಲಿನ ಜೊತೆಗೇ ಜಾಗ ಬದಲಿಸಿತ್ತು. ಅಂದರೆ ಕೆಟ್ಟದ್ದು ಕಾಯಿಲ್. ವಾಲ್ವೂ ಅಲ್ಲ, ಇಂಜಿನ್ನೂ ಅಲ್ಲ.

ಒಂದು ವೇಳೆ ಕೋಡ್ ಮೂರರಲ್ಲೇ ಉಳಿದಿದ್ದರೆ ಪ್ಲಗ್ಗನ್ನೂ ಹೀಗೇ ಬದಲಿಸಿ ನೋಡಬೇಕು. ಆಗಲೂ ಅಲ್ಲೇ ನಿಂತರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಒತ್ತಡದ ತೊಂದರೆ ಇರಬಹುದು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ‘ಕಂಪ್ರೆಷನ್ ಗೇಜ್ ಹಾಕಿ ತೋರಿಸಿ’ ಎಂದು ಮೆಕ್ಯಾನಿಕ್ಕರನ್ನು ಕೇಳಿ. ಅಳೆಯದೆ ಇಂಜಿನ್ ಬಿಚ್ಚಲು ಒಪ್ಪಬೇಡಿ.

ಪ್ಲಗ್ ಕೈಗೆ ಬಂದಾಗ ಅದರ ಮುಖ ನೋಡಿ. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಮ್ಮಿ; ಏರ್ ಫಿಲ್ಟರ್ ನೋಡಿ. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿಯೇ ಬರುತ್ತಿಲ್ಲ. ಆಯಿಲ್ ಮೆತ್ತಿದ್ದರೆ ಎಲ್ಲೋ ಸೀಲು ಸೋರುತ್ತಿದೆ. ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಕಪ್ಪು ಗೀರು ಕಂಡರೆ ಕಿಡಿ ಅಡ್ಡದಾರಿ ಹಿಡಿದಿದೆ, ಪ್ಲಗ್ ಬದಲಿಸಿ.

ಈಗ ಎಚ್ಚರಿಕೆಯ ಮಾತು. ಇಂಜಿನ್ ಓಡುತ್ತಿರುವಾಗ ಕಾಯಿಲ್, ಪ್ಲಗ್ ವೈರು ಮುಟ್ಟಲೇಬೇಡಿ. ಅಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ ಇರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ, ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಇಂಜಿನ್ ಓಡಿಸಿಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ಮಾತ್ರ ತೆಗೆಯುತ್ತದೆ. ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಧೂಳು ಊದಿ ತೆಗೆಯಿರಿ. ಮರಳಿ ಹಾಕುವಾಗ ಮೊದಲು ಕೈಯಿಂದಲೇ ತಿರುಗಿಸಿ. ಅಡ್ಡಮರೆ ಕೂತರೆ ಮರೆ ಕೆಟ್ಟು ದೊಡ್ಡ ಖರ್ಚು. ಕೆಲವು ಗಾಡಿಗಳಲ್ಲಿ ಪ್ಲಗ್ ಕಾಣಬೇಕಾದರೇ ಅರ್ಧ ಇಂಜಿನ್ ಕಳಚಬೇಕು. ಅಂಥಲ್ಲಿ ಸಾಹಸ ಬೇಡ, ಕೋಡ್ ಬರೆದುಕೊಂಡು ಗ್ಯಾರೇಜಿಗೆ ಹೋಗಿ.

ಇನ್ನು ಬಾಕಿ ಉಳಿದ ಲೆಕ್ಕ. ಹೊಸ ಕಾಯಿಲ್ ಹಾಕಿಸಿದೆ, ಗಾಡಿ ಬೆಣ್ಣೆಯಂತೆ ಓಡಿತು. ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ ದೀಪ. ಈ ಸಲ ಕೆಟ್ಟದ್ದು ಹೊಗೆಯ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್. ಘಾಟಿನಿಂದ ಸಾತಾರದವರೆಗೆ ಉರಿಯದ ಪೆಟ್ರೋಲು ಅದರೊಳಗೆ ಹೋಗಿ, ಅಲ್ಲೇ ಉರಿದು, ಅದನ್ನು ಕರಗಿಸಿತ್ತು. ಕಾಯಿಲಿನ ಬೆಲೆಯ ಹಲವು ಪಟ್ಟು ತೆತ್ತೆ. ಆದ್ದರಿಂದ ಬಂಧುಗಳೇ, ಆ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗ ತೋರಿಸಿ. ಕಣ್ಣು ಮಿಟುಕಿಸುತ್ತಿದ್ದರೆ ಸುರಕ್ಷಿತ ಜಾಗ ನೋಡಿ ಅಲ್ಲೇ ನಿಲ್ಲಿಸಿ.

ಗ್ಯಾರೇಜಿನವರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ನನಗೆ ದಾರಿ ತೋರಿದವರೂ ಅದೇ ಕಸುಬಿನವರು. ಆದರೆ ‘ಗಾಡಿ ನಡುಗುತ್ತಿದೆ’ ಎಂದು ಹೋಗುವುದಕ್ಕೂ, ‘ಮೂರನೇ ಸಿಲಿಂಡರ್ ಮಿಸ್ ಆಗುತ್ತಿದೆ, ಕಾಯಿಲ್ ಬದಲಿಸಿ ನೋಡಿದ್ದೇನೆ’ ಎಂದು ಹೋಗುವುದಕ್ಕೂ ಬಹಳ ಅಂತರವಿದೆ. ಪರಊರಿನಲ್ಲಿ, ಪರಭಾಷೆಯಲ್ಲಿ ಬದುಕುವ ನಮಗೆ ಆ ಒಂದು ವಾಕ್ಯ ದೊಡ್ಡ ಧೈರ್ಯ.

ಊರಿಗೆ ಹೊರಡುವ ಮುನ್ನ ಒಮ್ಮೆ ಬಾನೆಟ್ ಎತ್ತಿ ನೋಡಿ. ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿಯವರೆಗೆ ನಿಮ್ಮ ಪ್ರಯಾಣ ಸುಖಕರವಾಗಿರಲಿ, ನಮಸ್ಕಾರ.